ಬೋರ್ಡಮ್ಮನ ನಲವತ್ತು ನಿಮಿಷ

ಲಿಫ್ಟ್ ರಿಪೇರಿ ಕಂಪನಿಯ ಆ ಆಫೀಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಹನ್ನೊಂದು ಮಂದಿ ಮೆಕ್ಯಾನಿಕ್‌ಗಳಿಗೂ ಅವಳು ಬೋರ್ಡಮ್ಮ. ವಯಸ್ಸು ಇಪ್ಪತ್ತಾರು.

ಆ ಹೆಸರು ಬೀಳುವ ಮೊದಲು ಎರಡು ವರ್ಷ ಅವಳು ಬರೀ ಫೋನಿನ ಹುಡುಗಿಯಾಗಿದ್ದಳು. ಮುನ್ನೂರು ಚಿಲ್ಲರೆ ಕಟ್ಟಡಗಳಿಂದ ಬರುವ ದೂರು ಕೇಳಿಸಿಕೊಂಡು, ಹಳದಿ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ಹತ್ತಿರದಲ್ಲಿರುವ ಮೆಕ್ಯಾನಿಕ್ ಯಾರೆಂದು ಹುಡುಕಿ ಕಳಿಸುವುದು ಕೆಲಸ. ಕೊಡಿಸಿದವನು ಸೋದರಮಾವ, ಅಮ್ಮನ ಅಣ್ಣ, ಆ ಕಂಪನಿಯ ಎಲ್ಲರಿಗಿಂತ ಹಳೆಯ ಮೆಕ್ಯಾನಿಕ್. ಅಪ್ಪ ತೀರಿಕೊಂಡ ವಾರದಲ್ಲೇ ತಾಯಿ ಮಗಳಿಬ್ಬರನ್ನೂ ಕರೆತಂದು ತನ್ನ ಮನೆಯ ಮೇಲಿನ ಎರಡು ಕೋಣೆ ಬಿಟ್ಟುಕೊಟ್ಟವನೂ ಅವನೇ. ಅವನಿಗೂ ಅತ್ತೆಗೂ ಮಕ್ಕಳಿರಲಿಲ್ಲ. ಇವಳೇ ಮಗಳು.

ಒಂದು ದಿನ ಚೀಟಿಯೊಂದು ಗೋಡೆಯಿಂದ ಕಳಚಿ ಮೇಜಿನ ಹಿಂದೆ ಬಿತ್ತು. ಕಣ್ಣಿನ ಆಸ್ಪತ್ರೆಯ ಲಿಫ್ಟಿನಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕಿಯೊಬ್ಬಳು ಎರಡೂವರೆ ಗಂಟೆ ಸಿಕ್ಕಿಕೊಂಡಿದ್ದಳು. ಅಲ್ಲಿಂದ ಎರಡು ಸಲ ಫೋನ್ ಬಂದಾಗಲೂ ಇವಳು "ಹೊರಟಿದ್ದಾರೆ ಸರ್, ಇನ್ನೇನು ಬಂದ್ರು" ಎಂದಿದ್ದಳು. ಯಾರೂ ಹೊರಟೇ ಇರಲಿಲ್ಲ.

ಅದಾದ ಮೇಲೆ ಅವಳಿಗೆ ಊಟ ಸೇರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಡಬ್ಬಿ ಮುಚ್ಚಿಟ್ಟು ಕಂಪ್ಯೂಟರಿನಲ್ಲಿ ವಿಡಿಯೋ ನೋಡಿ ನೋಡಿ, ಕೆಲಸ ಹಂಚುವ ಒಂದು ಸಿದ್ಧ ಸಾಫ್ಟ್‌ವೇರ್ ಬಳಸುವುದನ್ನು ತಾನೇ ಕಲಿತಳು. ದೂರು ಬಂದ ಕೂಡಲೇ ಪರದೆಯ ಮೇಲೆ ಒಂದು ಕಾರ್ಡು ಹುಟ್ಟುವ ಹಾಗೆ, ಅದು "ಬಂದದ್ದು" ಎಂಬ ಸಾಲಿನಿಂದ "ಹೊರಟದ್ದು", ಅಲ್ಲಿಂದ "ಮುಗಿದದ್ದು" ಎಂಬ ಸಾಲಿಗೆ ಸರಿಯುವ ಹಾಗೆ ಒಂದು ಬೋರ್ಡು ಮಾಡಿದಳು. ಮೆಕ್ಯಾನಿಕ್‌ನ ಫೋನಿಗೆ ವಿಳಾಸವೂ ದಾರಿಯೂ ತಾನಾಗಿ ಹೋಗುತ್ತಿತ್ತು. ಕೆಟ್ಟ ಭಾಗದ ಫೋಟೋ ಹಾಕಿದರೆ ಸ್ಟೋರಿನವನು ಸರಿಯಾದದ್ದನ್ನೇ ತೆಗೆದಿಡುತ್ತಿದ್ದ. ಯಾವ ಕಟ್ಟಡದ ಸರ್ವೀಸು ಯಾವತ್ತು ಎಂದು ಎಲ್ಲರ ಕ್ಯಾಲೆಂಡರಿನಲ್ಲೂ ಮೂರು ದಿನ ಮೊದಲೇ ಗಂಟೆ ಬಾರಿಸುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಗೋಡೆ ಖಾಲಿಯಾಯಿತು. ಚೀಟಿ ಅಂಟಿದ್ದ ಕಡೆ ಸುಣ್ಣ ಮಾತ್ರ ಕಿತ್ತು ಬಂದಿತ್ತು.

"ಬೋರ್ಡಮ್ಮ, ನನ್ನ ಹೆಂಡ್ತಿ ಹೇಳೋ ಕೆಲಸಾನೂ ಇದರಲ್ಲಿ ಹಾಕ್ಬಿಡಿ. ಮರೆತು ಮರೆತು ಬೈಸ್ಕೊಂಡು ಸಾಕಾಗಿದೆ," ಎಂದ ಒಬ್ಬ. ಹೆಸರು ಅವತ್ತೇ ಅಂಟಿದ್ದು. ಮಾವನಂತೂ ಎದೆಯುಬ್ಬಿಸಿಕೊಂಡು ಓಡಾಡಿದ.

ಬೋರ್ಡಿನಲ್ಲಿ ಒಂದು ಚೌಕವಿತ್ತು: ಕೆಲಸಕ್ಕೆ ಬೇಕಾಗುವ ಸಮಯ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. ಬಾಗಿಲಿನ ದೂರಿಗೆ ಅವಳು ನಲವತ್ತು ಎಂದು ಒತ್ತಿದಳು. ಯಾಕೆ ನಲವತ್ತು, ಯಾಕೆ ಅರವತ್ತಲ್ಲ ಎಂದು ಯೋಚಿಸಲಿಲ್ಲ. ಒಂದು ಅಂಕಿ ಬೇಕಿತ್ತು, ಹಾಕಿದಳು. ನಲವತ್ತರೊಳಗೆ ಮುಗಿದ ಕಾರ್ಡು ಹಸಿರಾಗುತ್ತದೆ, ಮೀರಿದ್ದು ಕೆಂಪಾಗುತ್ತದೆ ಎಂದು ಅವಳಿಗೆ ಗೊತ್ತಾದದ್ದೇ ಮಾರನೆಯ ದಿನ.

ಮ್ಯಾನೇಜರ್‌ಗೆ ಆ ಬಣ್ಣಗಳ ಹುಚ್ಚು ಹಿಡಿಯಿತು. ದೊಡ್ಡ ಟೀವಿ ತರಿಸಿ ಬೋರ್ಡನ್ನು ಗೋಡೆಯ ಮೇಲೇ ತೋರಿಸಿದ. ಮುಖ್ಯ ಕಚೇರಿಯವರು ಬಂದು ನೋಡಿ, ಇನ್ನೂ ಎಂಟು ಶಾಖೆಗಳಿಗೆ ಅದನ್ನೇ ಹಾಕಿಸಿದರು. ಅವಳಿಗೆ ಚೌಕಟ್ಟು ಹಾಕಿದ ಪ್ರಶಸ್ತಿಪತ್ರವೂ ಹೊಸ ಕುರ್ಚಿಯೂ ಸಿಕ್ಕವು. ತಿಂಗಳ ಕೊನೆಗೆ ಎಲ್ಲರ ಹೆಸರಿನ ಮುಂದೆ ಎಷ್ಟು ಹಸಿರು, ಎಷ್ಟು ಕೆಂಪು ಎಂಬ ಪಟ್ಟಿ ಬರತೊಡಗಿತು. ಮಾವನ ಹೆಸರಿನ ಮುಂದೆ ಬರೀ ಕೆಂಪು.

ಕಾರಣ ಅವಳಿಗೆ ಗೊತ್ತಿತ್ತು. ಲಿಫ್ಟಿಗೆ ಕೈ ಹಚ್ಚುವ ಮೊದಲು ಮಾವ ತಾರಸಿಯ ಮೇಲಿನ ಮಷಿನ್ ರೂಮಿಗೆ ಹತ್ತುತ್ತಿದ್ದ. ಮೇನ್ ಸ್ವಿಚ್ ಇಳಿಸಿ, ಯಾರೂ ಲಿಫ್ಟ್ ಚಾಲೂ ಮಾಡದ ಹಾಗೆ ಅದಕ್ಕೆ ತನ್ನದೇ ಬೀಗ ಜಡಿದು, ಕೀಲಿ ಅಂಗಿಯ ಜೇಬಿಗೆ ಹಾಕಿಕೊಂಡು ಇಳಿಯುತ್ತಿದ್ದ. ನಿಯಮದ ಪುಸ್ತಕದಲ್ಲಿ ಇದ್ದದ್ದೂ ಅದೇ. ಆದರೆ ಬೇರೆ ಯಾರೂ ಅಷ್ಟು ಮೆಟ್ಟಿಲು ತುಳಿಯುತ್ತಿರಲಿಲ್ಲ. ಲಿಫ್ಟಿನ ತಲೆಯ ಮೇಲಿರುವ ಸ್ಟಾಪ್ ಗುಂಡಿ ಒತ್ತಿ ಕೆಲಸ ಶುರುಮಾಡುತ್ತಿದ್ದರು. ಮಾವನಿಗೆ ಐವತ್ತಾರು ವರ್ಷ, ಮಂಡಿ ನೋವು ಬೇರೆ.

ಒಂದು ಬೆಳಿಗ್ಗೆ ಮ್ಯಾನೇಜರ್ ಎಲ್ಲರ ಎದುರೇ ಹೇಳಿದ: "ಯಜಮಾನ್ರೇ, ಬೋರ್ಡು ಮಾಡಿದ್ದು ನಿಮ್ಮನೆ ಹುಡುಗಿ. ಅದರಲ್ಲಿ ಕೆಂಪಗಿರೋದು ನಿಮ್ಮ ಹೆಸರೊಂದೇ. ಚೆನ್ನಾಗಿರತ್ತಾ?"

ಯಾರೋ ಕಿಸಕ್ಕೆಂದರು. ಮಾವನ ಮುಖ ಸಣ್ಣಗಾಯಿತು. ಅವಳಿಗೆ ನೆಲ ಬಿರಿಯಬಾರದೇ ಎನಿಸಿತು.

ಸಂಜೆ ಮನೆಗೆ ಬಂದವಳೇ ಮಾವನ ಹತ್ತಿರ ಕುಳಿತಳು.

"ಮಾವ, ಬಾಗಿಲು ಸಿಕ್ಕಾಕಿಕೊಂಡಿದ್ದಕ್ಕೆಲ್ಲ ಮೇಲೆ ಯಾಕೆ ಹತ್ತುತ್ತೀರಾ? ಹತ್ತಿ ಇಳಿಯೋಕೇ ಇಪ್ಪತ್ತು ನಿಮಿಷ ಹೋಗತ್ತೆ."

"ಅಭ್ಯಾಸ ಕಣೇ."

"ದೊಡ್ಡ ರಿಪೇರಿಗೆ ಹತ್ತಿ. ಸಣ್ಣದಕ್ಕೆ ಬಿಟ್ಟುಬಿಡಿ. ಎಲ್ಲರೂ ಬಿಟ್ಟಿದಾರೆ, ಯಾರಿಗೇನಾಗಿದೆ?"

ಮಾವ ಮಂಡಿ ನೀವಿಕೊಂಡ. "ನೀನೇ ಹೇಳ್ತೀಯಲ್ಲ, ಆಯ್ತು ಬಿಡು," ಎಂದು ನಕ್ಕ.

ಮರುದಿನದಿಂದ ಅವನ ಕಾರ್ಡುಗಳು ಹಸಿರಾದವು. ಮ್ಯಾನೇಜರ್ ಬೆನ್ನು ತಟ್ಟಿದ. ಎರಡು ತಿಂಗಳು ಎಲ್ಲವೂ ನೆಟ್ಟಗೆ ನಡೆಯಿತು.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಐದು ಮಹಡಿಯ ಬಟ್ಟೆ ಅಂಗಡಿಯಿಂದ ಬಾಗಿಲಿನ ದೂರು ಬಂತು. ಹತ್ತಿರವಿದ್ದವನು ಮಾವ. ಕಾರ್ಡು ಹೋಯಿತು. ಸ್ವಲ್ಪ ಹೊತ್ತಿಗೆಲ್ಲ ಅದೇ ಅಂಗಡಿಯಿಂದ ಮತ್ತೆ ಫೋನು.

"ಮೇಡಂ, ನಿಮ್ಮ ಮೆಕ್ಯಾನಿಕ್ಕು... ಲಿಫ್ಟ್ ಹೊರಟುಬಿಡ್ತು ಮೇಡಂ. ಅವರು ಅದರ ತಲೆ ಮೇಲೇ ನಿಂತಿದ್ರು. ಕಾಲು ಗೋಡೆಗೆ... ಬೇಗ ಯಾರನ್ನಾದ್ರೂ ಕಳಿಸಿ ಮೇಡಂ."

ಸ್ಟಾಪ್ ಗುಂಡಿ ಒಳಗೆ ಸವೆದುಹೋಗಿತ್ತಂತೆ. ಒತ್ತಿದರೂ ಹಿಡಿದಿರಲಿಲ್ಲ. ಕೆಳಗೆ ಯಾರೋ ಗಿರಾಕಿ ಲಿಫ್ಟ್ ಕರೆದಿದ್ದರು. ಅವಳು ಆಂಬುಲೆನ್ಸಿಗೆ ಫೋನ್ ಮಾಡಿದಳು, ಅಂಗಡಿಯವನಿಗೆ ಮೇನ್ ಸ್ವಿಚ್ ಎಲ್ಲಿದೆ ಎಂದು ಹೇಳಿದಳು, ಅಮ್ಮನಿಗೆ ಫೋನ್ ಮಾಡಿದಳು. ಅತ್ತೆಗೆ ಮಾಡಲು ಮಾತ್ರ ಬೆರಳು ಏಳಲಿಲ್ಲ. ಅಷ್ಟರಲ್ಲಿ ಟೀವಿಯ ಮೇಲೆ ಮಾವನ ಕಾರ್ಡು ಕೆಂಪಾಯಿತು. ಮ್ಯಾನೇಜರ್ ಹತ್ತಿರ ಬಂದು ಮೆಲ್ಲಗೆ, "ಅದನ್ನ ಬೇರೆಯವರ ಹೆಸರಿಗೆ ಹಾಕಿ ನೀನು ಆಸ್ಪತ್ರೆಗೆ ಹೋಗಮ್ಮ," ಎಂದ. ಅವಳು ಹಾಕಿ ಹೋದಳು.

ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು.

ಮುಂದಿನ ವಾರ ವಿಚಾರಣೆ. ಮಾವನ ಎರಡು ತಿಂಗಳ ದಾಖಲೆ ಬೇಕೆಂದು ಮ್ಯಾನೇಜರ್ ಕೇಳಿದ. ಬೋರ್ಡು ಅರೆಗಳಿಗೆಯಲ್ಲಿ ತೆಗೆದುಕೊಟ್ಟಿತು. ಐವತ್ತೆಂಟು ಕೆಲಸ, ಐವತ್ತಾರು ಹಸಿರು.

"ನೋಡು, ಹೆಚ್ಚಿನದೆಲ್ಲ ಟೈಮಿಗೆ ಮೊದಲೇ ಮುಗಿಸಿದಾರೆ. ನಾವು ಅವಸರ ಮಾಡಿದ್ವಿ ಅಂತ ಯಾರೂ ಹೇಳೋ ಹಾಗಿಲ್ಲ," ಎಂದ. ಹೇಳುವಾಗ ಅವಳ ಕಡೆ ನೋಡಲಿಲ್ಲ.

ಅವಳು ಒಂದು ಪುಟ ಬರೆದುಕೊಂಡು ವಿಚಾರಣೆ ಮಾಡಲು ಬಂದಿದ್ದ ಅಧಿಕಾರಿ ಹೆಂಗಸಿನ ಮುಂದೆ ಇಟ್ಟಳು. ನಲವತ್ತು ಎಂದು ಹಾಕಿದ್ದು ತಾನು, ಲೆಕ್ಕಾಚಾರವಿಲ್ಲದೆ ಹಾಕಿದ್ದು, ಬೀಗ ಹಾಕುವುದು ಬಿಡಿ ಎಂದು ಹೇಳಿದ್ದೂ ತಾನೇ ಎಂದು ಬರೆದಿದ್ದಳು. ಆಕೆ ಕನ್ನಡಕ ಸರಿಮಾಡಿಕೊಂಡು ಪೂರ್ತಿ ಓದಿದಳು.

"ನೀವು ಅವರ ಮೇಲಧಿಕಾರಿನಾ?"

"ಅಲ್ಲ ಮೇಡಂ. ಅವರು ನನ್ನ ಸೋದರಮಾವ."

"ಎಲ್ಲಿ ಹೇಳಿದ್ರಿ ಇದನ್ನ?"

"ಮನೇಲಿ."

"ಹಾಗಾದ್ರೆ ಇದು ಮನೆ ಮಾತಮ್ಮ. ಇದರಲ್ಲಿ ಬರಲ್ಲ." ಪುಟವನ್ನು ಮಡಿಸಿ ಅವಳ ಕೈಗೇ ಕೊಟ್ಟಳು. ಆಕೆಯ ದನಿಯಲ್ಲಿ ಕನಿಕರವಿತ್ತು. ಅದನ್ನೇ ಇವಳಿಂದ ತಡೆದುಕೊಳ್ಳಲಾಗಲಿಲ್ಲ. ವರದಿಯಲ್ಲಿ "ನೌಕರನ ಸ್ವಂತ ಅಜಾಗರೂಕತೆ" ಎಂದು ಬಂತು. ಕಂಪನಿ ಕೈ ತೊಳೆದುಕೊಂಡಿತು.

ಆ ಚೌಕವನ್ನಾದರೂ ಬದಲಿಸೋಣವೆಂದು ಕುಳಿತರೆ ಅದು ತೆರೆಯಲೇ ಇಲ್ಲ. ಒಂಬತ್ತು ಶಾಖೆಗಳಿಗೂ ಒಂದೇ ಆದ ಮೇಲೆ ಅದರ ಅಧಿಕಾರ ಮುಖ್ಯ ಕಚೇರಿಗೆ ಹೋಗಿತ್ತು. ಅಲ್ಲಿಗೆ ಬರೆದಳು. ನಾಲ್ಕನೆಯ ದಿನ ಉತ್ತರ ಬಂತು: ಎಲ್ಲ ಶಾಖೆಗಳ ಸರಾಸರಿ ಮೂವತ್ತಾರು ನಿಮಿಷ ಇರುವುದರಿಂದ ಮುಂದಿನ ತಿಂಗಳಿಂದ ಮಿತಿಯನ್ನು ಮೂವತ್ತೈದಕ್ಕೆ ಇಳಿಸಲಾಗುವುದು, ಈ ವಿಷಯ ಗಮನಕ್ಕೆ ತಂದಿದ್ದಕ್ಕೆ ಧನ್ಯವಾದ.

ಮಾವ ಮನೆಗೆ ಬಂದ ಮೇಲೆ ಒಂದು ಭಾನುವಾರ ಅವಳು ಮಂಚದ ಪಕ್ಕ ಕುಳಿತು ಎಲ್ಲ ಹೇಳಿಬಿಟ್ಟಳು. ಆ ಅಂಕಿ ಬಾಯಿಗೆ ಬಂದ ಅಂಕಿ ಎಂದೂ ಹೇಳಿದಳು. ಮಾವ ಸೂರು ನೋಡುತ್ತ ಮಲಗಿದ್ದ.

"ನಾನು ಎಲ್ಲೋ ಲೆಕ್ಕ ಹಾಕಿ ಇಟ್ಟಿರ್ತಾರೆ ಅಂದ್ಕೊಂಡಿದ್ದೆ," ಎಂದ. "ನನಗೇ ವಯಸ್ಸಾಯ್ತು, ಕೈ ನಿಧಾನ ಆಯ್ತು ಅಂತ ನಾಚಿಕೆ ಪಟ್ಕೊಂಡಿದ್ದೆ ಕಣೇ."

ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಕೈಯಲ್ಲಿ ಮಾತ್ರೆಯ ಡಬ್ಬಿ. ಎಲ್ಲ ಕೇಳಿಸಿಕೊಂಡಿದ್ದಳು. ಬಯ್ಯಲಿಲ್ಲ. ಬೈದಿದ್ದರೆ ಅವಳ ಕಾಲು ಹಿಡಿದು ಅಳಬಹುದಿತ್ತು. ಸಂಜೆ ಅಮ್ಮ ಮೇಲೆ ಬಂದು ಗೋಡೆಗೆ ಮುಖ ಮಾಡಿ ಹೇಳಿದಳು: "ಅತ್ತಿಗೆ ಅಂದ್ರು, 'ನಿನ್ನ ಮಗಳಿಗೆ ಹೇಳು, ಸ್ವಲ್ಪ ದಿನ ಕೆಳಗೆ ಬರೋದು ಬೇಡ' ಅಂತ."

ಸ್ವಲ್ಪ ದಿನ ಎಂದದ್ದು ವರ್ಷ ದಾಟಿತು. ಕೆಲಸ ಬಿಡೋಣವೆಂದರೆ ಈಗ ಆ ಮನೆಯಿಂದ ದುಡಿಯಲು ಹೋಗುವವಳು ಅವಳೊಬ್ಬಳೇ. ಬೆಳಿಗ್ಗೆ ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಮೆಟ್ಟಿಲಿಳಿದು, ಬೀದಿಗೆ ಬಂದು ಹಾಕಿಕೊಳ್ಳುತ್ತಾಳೆ. ಒಳಗೆ ಮಾವ ಊರುಗೋಲಿನಲ್ಲಿ ನಡೆಯುವುದು ಕೇಳಿಸುತ್ತದೆ.

ಆಫೀಸಿನಲ್ಲಿ ಕಾರ್ಡು ಹೋದ ಮೇಲೆ ಅವಳು ಪ್ರತಿ ಮೆಕ್ಯಾನಿಕ್‌ಗೂ ತಾನೇ ಫೋನ್ ಮಾಡುತ್ತಾಳೆ. ಹಾಗೆ ಮಾಡಬೇಕೆಂದು ಯಾರೂ ಹೇಳಿಲ್ಲ.

"ಮೇಲೆ ಹೋಗಿ ಬೀಗ ಹಾಕಿದ್ರಾ?"

"ಹಾಕಿದೀನಿ ಬೋರ್ಡಮ್ಮ."

ಏದುಸಿರಿಲ್ಲದ ದನಿ. ಐದು ಮಹಡಿ ಹತ್ತಿ ಇಳಿದವನ ದನಿ ಹಾಗಿರುವುದಿಲ್ಲ. ಅದು ಅವಳಿಗೆ ಗೊತ್ತು. ಆದರೂ ಫೋನ್ ಇಡುತ್ತಾಳೆ. ಅಷ್ಟರಲ್ಲಿ ಇನ್ನೊಂದು ಕರೆ ಬಂದಿರುತ್ತದೆ.