ಗೋಲ್‌ಕೀಪರನ ಉಗುರು

ಕಳೆದ ವಾರ ಐರೋಲಿಯ ಮೈದಾನದ ಪಕ್ಕ ನಡೆದುಹೋಗುತ್ತಿದ್ದಾಗ ನೀರು ಬೆರೆಸಿದ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಇಬ್ಬರು ಕೆಲಸಗಾರರು ಹಗ್ಗ ಎಳೆದು ಫುಟ್‌ಬಾಲ್ ಅಂಗಳಕ್ಕೆ ಗೆರೆ ಹಾಕುತ್ತಿದ್ದರು. ಗೋಲಿನ ಹತ್ತಿರ ಗೆರೆ ಸೊಟ್ಟಗಾಗಿತ್ತು. ಹೇಳಿದೆ. ಆ ಇಬ್ಬರೂ ನನ್ನನ್ನೊಮ್ಮೆ, ಹಗ್ಗವನ್ನೊಮ್ಮೆ ನೋಡಿ ಕೆಲಸ ಮುಂದುವರಿಸಿದರು. ಅವರು ಇದ್ದಿದ್ದರೆ ಆ ಗೆರೆಯನ್ನು ಅಳಿಸಿ ಮತ್ತೆ ಹಾಕಿಸದೆ ಪಂದ್ಯಕ್ಕೆ ಸೀಟಿ ಊದುತ್ತಿರಲಿಲ್ಲ...

ಅವರು ಎಂದರೆ ನಮ್ಮ ಹಿರಿಯ ರೆಫರಿ. ಉಡುಪಿಯ ಕಡೆಯವರು. ಕೋಪರಖೈರಣೆಯಲ್ಲಿ ಮನೆ, ವಾಶಿ ಮಾರುಕಟ್ಟೆಯ ಸಾಗಣೆ ಕಚೇರಿಯೊಂದರಲ್ಲಿ ಗುಮಾಸ್ತಿಕೆ, ಭಾನುವಾರ ಕಪ್ಪು ಅಂಗಿ ಮತ್ತು ಸೀಟಿ. ನಾನು ಧಾರವಾಡದ ಕಡೆಯವನು. ಮೊಣಕಾಲು ಆಟವನ್ನು ಸಹಿಸದಂತಾದ ಮೇಲೆ, ನಲವತ್ತರ ಹತ್ತಿರದಲ್ಲಿ, ರೆಫರಿ ಪರೀಕ್ಷೆಗೆ ಕುಳಿತೆ. ನನ್ನನ್ನು ತಿದ್ದುವ ಹೊಣೆಯನ್ನು ರೆಫರಿಗಳ ಸಂಘದವರು ಅವರಿಗೆ ಒಪ್ಪಿಸಿದರು.

ಠಾಣೆಯಿಂದ ವಾಶಿಗೆ ನೇರ ರೈಲು ಆಗಷ್ಟೇ ಆರಂಭವಾಗಿತ್ತು. ಪಂದ್ಯ ಮುಗಿಸಿ ಮರಳುವಾಗ, ಗಾಡಿ ಠಾಣೆ ಬಿಟ್ಟೊಡನೆ ಅವರು ಒಂದು ಪ್ರಶ್ನೆ ಹಾಕುತ್ತಿದ್ದರು. ಐರೋಲಿಯಲ್ಲಿ ನಾನು ಇಳಿಯುವುದರೊಳಗೆ ಉತ್ತರ ಕೊಡಬೇಕು.

"ಥ್ರೋ-ಇನ್ ಎಸೆದದ್ದು ಯಾರಿಗೂ ತಾಗದೆ ಎದುರಾಳಿಯ ಗೋಲಿನೊಳಗೆ ಹೋಯ್ತು. ಎಂತ ಕೊಡ್ತೀರಿ?"

"ಗೋಲ್ ಕಿಕ್ ಕೊಡ್ತೀನ್ರಿ ಸರ."

"ಅವನದ್ದೇ ಗೋಲಿಗೆ ಹೋದ್ರೆ?"

ನಾನು ಯೋಚಿಸುವಷ್ಟರಲ್ಲಿ ನಿಲ್ದಾಣ ಬಂದುಬಿಡುತ್ತಿತ್ತು. "ಕಾರ್ನರ್ ಮಾರಾಯ್ರೇ! ಇಳೀರಿ, ಇಳೀರಿ. ನೀವು ಜೋಳದ ರೊಟ್ಟಿ ಬಡಿದು ಮುಗಿಸುವವರೆಗೆ ಆಟ ಕಾಯುವುದಿಲ್ಲ." ಬೋಗಿಯ ತುಂಬ ಜನರ ಎದುರು ಆಡಿದ ಮಾತದು. ಬಾಗಿಲ ಬಳಿ ನಿಂತು ನಕ್ಕವರ ಮುಖಗಳೂ ನನಗೆ ನೆನಪಿವೆ.

ಗೆರೆಯಾಚೆ ಬಾವುಟ ಹಿಡಿದು ನಿಲ್ಲುವ ಸಹಾಯಕನ ಬಾಯಿಂದ ಅವರು ಎರಡೇ ಉತ್ತರಗಳನ್ನು ಒಪ್ಪುತ್ತಿದ್ದರು: ಕಂಡೆ, ಇಲ್ಲವೇ ಕಾಣಲಿಲ್ಲ. ಹೀಗಿರಬಹುದು ಎಂದರೆ ಸಿಡುಕುತ್ತಿದ್ದರು. ನಿಯಮದ ಪುಸ್ತಕ ಎಷ್ಟು ಓದಿದರೂ ಕೊನೆಗೆ ತೀರ್ಪು ನಿಲ್ಲುವುದು ಇನ್ನೊಬ್ಬನ ಕಣ್ಣಿನ ಮೇಲೇ, ಆ ಕಣ್ಣು ಸುಳ್ಳಾಡಿದರೆ ಪುಸ್ತಕವೂ ಸುಳ್ಳು ಎನ್ನುವುದು ಅವರ ನಂಬಿಕೆ.

ಆ ವರ್ಷ ವರ್ತಕ ನಗರದ ಮೈದಾನದಲ್ಲಿ ಅಂತಿಮ ಪಂದ್ಯ. ಅವರು ರೆಫರಿ, ನಾನು ಸಹಾಯಕ. ಕೋಪರಖೈರಣೆಯ ತಂಡ ಒಂದು ಗೋಲು ಹಿಂದಿತ್ತು. ಕೊನೆಯ ನಿಮಿಷಗಳಲ್ಲಿ ಅದಕ್ಕೆ ಪೆನಾಲ್ಟಿ ಸಿಕ್ಕಿತು. ಒದೆಯಲು ಬಂದವನು ಇಪ್ಪತ್ತೆರಡರ ತರುಣ, ಹಿರಿಯರ ಬಡಾವಣೆಯವನೇ. ಚೆಂಡು ಗೋಲಿನ ಕಂಬಕ್ಕೆ ಬಡಿದು ಅವನ ಕಾಲಿಗೇ ಮರಳಿತು. ಅವನು ಮತ್ತೆ ಒದ್ದು ಬಲೆಯೊಳಗೆ ಹಾಕಿದ. ಮೈದಾನ ಕುಣಿಯಿತು.

ನಿಯಮ ಸ್ಪಷ್ಟವಾಗಿದೆ. ಪೆನಾಲ್ಟಿ ಒದ್ದವನು, ಬೇರೊಬ್ಬ ಆಟಗಾರ ಚೆಂಡನ್ನು ಮುಟ್ಟುವ ಮೊದಲು, ಅದನ್ನು ಎರಡನೆಯ ಸಲ ಆಡುವಂತಿಲ್ಲ. ಕಂಬ ಆಟಗಾರನಲ್ಲ. ಆದರೆ ಕಂಬಕ್ಕೆ ಬಡಿಯುವ ಮುನ್ನ ಗೋಲ್‌ಕೀಪರನ ಕೈಗೆ ಚೆಂಡು ತಾಗಿದ್ದರೆ ಗೋಲು ಸಲ್ಲುತ್ತದೆ. ಗೋಲ್‌ಕೀಪರ್ ಹಾರಿದ್ದು ನಾನು ನಿಂತ ಕಡೆಗೆ. ಅವನ ಮೈ ಅಡ್ಡವಾಗಿದ್ದರಿಂದ ಕೈ ಹಿರಿಯರಿಗೆ ಕಾಣುವಂತಿರಲಿಲ್ಲ.

"ಕೀಪರ್ ನೇ ಟಚ್ ಕಿಯಾ, ಸರ್! ಟಚ್ ಕಿಯಾ!" ಎಂದು ಒದ್ದವನು ಕೂಗುತ್ತಿದ್ದ. ಹಿರಿಯರು ನನ್ನ ಬಳಿಗೆ ಓಡಿಬಂದರು.

"ತಾಗಿತಾ?"

"ಇಲ್ರಿ ಸರ."

"ಕಂಡಿರಾ?"

"ಕಂಡೆ."

ನಾನು ಕಂಡಿರಲಿಲ್ಲ. ಒದೆಯುವ ಮುನ್ನ ಗೋಲ್‌ಕೀಪರ್ ಗೆರೆ ಬಿಟ್ಟು ಮುಂದೆ ಬರುವನೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಕಣ್ಣು ಅವನ ಪಾದಗಳ ಮೇಲಿತ್ತು. ಕಂಬಕ್ಕೆ ಬಡಿದ ಸದ್ದು ಕೇಳಿಯೇ ತಲೆಯೆತ್ತಿದ್ದೆ. ಹಾಗಾದರೆ ಕಂಡೆನೆಂದು ಏಕೆ ಹೇಳಿದೆ? ಇಡೀ ಮಧ್ಯಾಹ್ನ ನನ್ನ ಬೆನ್ನ ಹಿಂದೆ ನಾಲ್ವರು "ಓ ಝಂಡೇವಾಲೇ, ಚಷ್ಮಾ ಪೂಸ್!" ಎಂದು, ಬಾವುಟದವನೇ ಕನ್ನಡಕ ಒರೆಸಿಕೋ ಎಂದು, ಗೇಲಿ ಮಾಡುತ್ತಿದ್ದರು. ಅವರ ಎದುರು ಕಾಣಲಿಲ್ಲವೆಂದು ಹೇಳಲು ನಾಲಿಗೆ ಏಳಲಿಲ್ಲ. ಹಿರಿಯರು ಗೋಲು ಸಲ್ಲದೆಂದು ಕೈ ಮೇಲೆತ್ತಿ, ರಕ್ಷಿಸುವ ತಂಡಕ್ಕೆ ಫ್ರೀ ಕಿಕ್ ಕೊಟ್ಟರು. ಆಟ ಮತ್ತೆ ಆರಂಭವಾಯಿತು, ಮುಗಿಯಿತು. ಕೋಪರಖೈರಣೆ ಸೋತಿತು.

ಆಮೇಲೆ ನಡೆದದ್ದನ್ನು ಪಂದ್ಯವೆನ್ನಲಾಗದು. ನೀರಿನ ಬಾಟಲಿಗಳು ಬಿದ್ದವು. ಒಂದು ಚಪ್ಪಲಿ ಹಿರಿಯರ ಬೆನ್ನಿಗೆ ಬಡಿಯಿತು. ಪಂದ್ಯಾವಳಿಯ ಕಾರ್ಯದರ್ಶಿ ಶಾಮಿಯಾನದೊಳಗೆ ಮೈಕು ಹಿಡಿದೇ, "ಯೇ ರೆಫರಿ ಹೈ ಯಾ ತಮಾಶಾ?" ಎಂದರು. ಅತಿಥಿಗಳಿಗೆ ಕಪ್ಪು-ಬಸಿಯಲ್ಲಿ ಚಹಾ ಕೊಟ್ಟು, ನಮಗೆ ಪ್ಲಾಸ್ಟಿಕ್ ಲೋಟದಲ್ಲಿ ಕಳಿಸಿದವರೂ ಅವರೇ. ಹಿರಿಯರು ಒಮ್ಮೆಯೂ ನನ್ನತ್ತ ಬೆರಳು ತೋರಲಿಲ್ಲ.

ಆ ಗದ್ದಲದ ನಡುವೆ ನಾನು ನಲ್ಲಿಯ ಬಳಿ ಹೋದೆ. ಬರಿಗೈಯಲ್ಲಿ ಆಡಿದ್ದ ಆ ಗೋಲ್‌ಕೀಪರ್ ಮುಖ ತೊಳೆಯುತ್ತ, ಗೆಳೆಯನಿಗೆ ನಡುಬೆರಳಿನ ತುದಿ ತೋರಿಸಿ ನಗುತ್ತಿದ್ದ. "ನಖ ಲಾಗಲಂ ಹೋತಂ, ಯಾರ್." ಉಗುರು ತಾಗಿತ್ತಂತೆ.

ಶಾಮಿಯಾನ ಇಪ್ಪತ್ತು ಹೆಜ್ಜೆಯ ದೂರದಲ್ಲಿತ್ತು. ಆಟ ಮರಳಿ ಆರಂಭವಾದ ಮೇಲೆ ರೆಫರಿಯ ತೀರ್ಪನ್ನು ಬದಲಿಸುವಂತಿಲ್ಲ ಎಂಬ ನಿಯಮವನ್ನು ಆಗ ನೆನೆದುಕೊಂಡು ಅಲ್ಲೇ ನಿಂತೆ. ನಿಯಮ ನಿಜ. ಆದರೆ ತೀರ್ಪು ಯಾರ ಮಾತಿನ ಮೇಲೆ ನಿಂತಿತ್ತೆಂದು ಹೇಳಬಾರದೆಂದು ಯಾವ ನಿಯಮವೂ ವಿಧಿಸಿಲ್ಲ.

ಅಂದಿನ ರೈಲಿನಲ್ಲಿ ಅವರು ಪ್ರಶ್ನೆ ಕೇಳಲಿಲ್ಲ. ಸಂಘಕ್ಕೆ ಕೊಡುವ ವರದಿಯನ್ನು ಮೊಣಕಾಲ ಮೇಲಿಟ್ಟು ಬರೆದರು. ಬರೆದು, "ನಿಮ್ಮದು ಸೇರಿಸಲಿಕ್ಕೆ ಏನಾದರೂ ಉಂಟಾ?" ಎಂದರು.

"ಏನಿಲ್ರಿ."

ಸಹಿಗೆಂದು ಹಾಳೆ ನನ್ನ ಕೈಗೆ ಬಂತು. 'ಚೆಂಡು ಗೋಲ್‌ಕೀಪರನಿಗೆ ತಾಗಿಲ್ಲವೆಂದು ನಾನು ತೀರ್ಮಾನಿಸಿದೆನು' ಎಂದಿತ್ತು. ನನ್ನ ಹೆಸರಿಲ್ಲ, ಸಹಾಯಕನೆಂಬ ಪದವೂ ಇಲ್ಲ. ನನ್ನ ಮಾತಿಗೆ ಬೆಲೆ ಕೊಡದೆ ಅವಮಾನಿಸಿದರೆಂದು ಎಷ್ಟೋ ತಿಂಗಳು ಕುದಿದೆ. ಹೊಣೆಯನ್ನೆಲ್ಲ ಅವರೇ ಹೊತ್ತದ್ದು ಕಾಣದಷ್ಟು ಕುರುಡನಾಗಿದ್ದೆ.

ರೆಫರಿಯಾಗಿ ಅವರ ವಯೋಮಿತಿಗೆ ಎರಡು ವರ್ಷ ಉಳಿದಿತ್ತು. ಆ ಎರಡೂ ವರ್ಷ ಅವರಿಗೆ ಒಂದೂ ಅಂತಿಮ ಪಂದ್ಯ ಸಿಗಲಿಲ್ಲ. ಸಂಘದವರು ಕಲ್ಯಾಣ, ಡೊಂಬಿವಲಿಯ ಶಾಲಾ ಮೈದಾನಗಳಿಗೆ ಕಳಿಸಿದರು. ಅವರಿಗೆ ಬರಬೇಕಾದ ಪಂದ್ಯಗಳು ನನಗೆ ಬಂದವು. ಕಡೆಯ ಭಾನುವಾರವೂ ಅವರು ಮಕ್ಕಳ ಪಂದ್ಯಕ್ಕೆ ಒಂದು ಗಂಟೆ ಮೊದಲೇ ಹೋಗಿ, ಬಲೆಯ ತೂತುಗಳನ್ನು ಸುತಲಿ ದಾರದಿಂದ ಕಟ್ಟುತ್ತಿದ್ದರೆಂದು ಕೇಳಿದೆ...

ಕೆಲವು ವರ್ಷಗಳ ನಂತರ ಅವರು ತೀರಿಕೊಂಡರು. ಡೊಂಬಿವಲಿಯ ಸಭಾಗೃಹದಲ್ಲಿ ಶ್ರದ್ಧಾಂಜಲಿ ಸಭೆ. ಅದೇ ಕಾರ್ಯದರ್ಶಿ ಮಾತಾಡಿದರು. ಎಲ್ಲ ಹೊಗಳಿ, ಕೊನೆಗೆ, ವರ್ತಕ ನಗರದಲ್ಲಿ ಮಾತ್ರ ಆ ಪುಣ್ಯಾತ್ಮರ ಕಣ್ಣು ಕೈಕೊಟ್ಟಿತು ಎಂದರು. ಕೆಲವರು ನಕ್ಕರು. ಸತ್ತವರ ಪಟದ ಮುಂದೆ ನಕ್ಕರು! ಮುಂದಿನ ಮಾತು ನನ್ನದಿತ್ತು. ನಾನು ಎದ್ದು, ಅವರ ಸಮಯಪಾಲನೆಯ ಬಗ್ಗೆ ನಾಲ್ಕು ನಿಮಿಷ ಮಾತಾಡಿ ಕುಳಿತೆ. ಕಾರ್ಯದರ್ಶಿಯ ಮಾತನ್ನು ನಾನು ಕ್ಷಮಿಸಿಲ್ಲ. ನನ್ನ ಆ ನಾಲ್ಕು ನಿಮಿಷಗಳನ್ನು ಕ್ಷಮಿಸುವುದು ಅದಕ್ಕಿಂತ ಕಷ್ಟ.

ಕಳೆದ ವಾರ ಮೈದಾನದಿಂದ ಮನೆಗೆ ಮರಳದೆ ರೈಲು ಹತ್ತಿ ಕೋಪರಖೈರಣೆಗೆ ಹೋದೆ. ಅಂದು ಪೆನಾಲ್ಟಿ ಒದ್ದವನು ಈಗ ಅಲ್ಲಿ ಪಾತ್ರೆಯಂಗಡಿ ಇಟ್ಟಿದ್ದಾನೆ. ನಲವತ್ತು ದಾಟಿದೆ, ಹೊಟ್ಟೆ ಬಂದಿದೆ. ಮನೆಮಾತು ಕನ್ನಡವಾದರೂ ಉತ್ತರ ಹಿಂದಿಯಲ್ಲೇ. ಉಗುರಿನ ಸಂಗತಿಯನ್ನೂ ನನ್ನ ಸುಳ್ಳನ್ನೂ ಕ್ರಮವಾಗಿ, ಒಂದನ್ನೂ ಬಿಡದೆ, ಹೇಳಿದೆ. ಬೈಯುವನೆಂದುಕೊಂಡಿದ್ದೆ.

"ಅಂಕಲ್, ವೋ ಚಪ್ಪಲ್ ಮೇರಾ ಥಾ," ಎಂದ.

ಅಂದು ಹಿರಿಯರ ಬೆನ್ನಿಗೆ ಬಡಿದ ಚಪ್ಪಲಿ ಅವನದ್ದು.

"ಅವರು ಅಂಗಡಿಗೆ ಬರ್ತಿದ್ರು," ಎಂದು ಕನ್ನಡಕ್ಕೆ ತಿರುಗಿದ, ತಡವರಿಸುತ್ತ. "ಹೇಗಿದ್ದಿ ಅಂತ ಕೇಳ್ತಿದ್ರು. ನಾನು ಒಮ್ಮೆಯೂ ತಲೆ ಎತ್ತಲಿಲ್ಲ. ಕಭೀ ನಹೀಂ."

ಅಷ್ಟರಲ್ಲಿ ಗಿರಾಕಿಯೊಬ್ಬರು ಕುಕ್ಕರಿನ ರಬ್ಬರು ಕೇಳುತ್ತ ಬಂದರು. ಅವನೆದ್ದು ಎಷ್ಟು ಲೀಟರಿನದ್ದೆಂದು ವಿಚಾರಿಸಿದ. ನಾನು ಕಟ್ಟೆಯ ಮೇಲೆ ಕುಳಿತೇ ಇದ್ದೆ. ತಪ್ಪೊಪ್ಪಿಕೊಳ್ಳಬೇಕಾದ ಇಬ್ಬರೂ ಆ ಅಂಗಡಿಯಲ್ಲಿದ್ದೆವು. ಕೇಳಿಸಿಕೊಳ್ಳಬೇಕಾದವರು ಇರಲಿಲ್ಲ.