ಮಿಂಚುವ ಇಳಿಜಾರು

ಟೇಪು ಕತ್ತರಿಸಿದ ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಸಿದ್ದಮ್ಮನವರು ಊರುಗೋಲು ಜಾರಿ ಧೊಪ್ಪನೆ ಬಿದ್ದರು. ಮೆಟ್ಟಿಲು ಹತ್ತಲಾಗದವರೂ ಒಳಗೆ ಬರಲೆಂದು ನಂಜನಗೂಡಿನ ನಮ್ಮ ಬಡಾವಣೆಯ ಸಮಿತಿ ಗ್ರಂಥಾಲಯಕ್ಕೆ ಕಟ್ಟಿಸಿದ ಇಳಿಜಾರು ಅದು. ಪೋಲಿಯೊದಿಂದ ಕಾಲು ಸೋತಿದ್ದ ಅವರನ್ನೇ ಮೊದಲು ಹತ್ತಲು ಕರೆದಿದ್ದೆವು. ಮನೆಯ ನೆಲದಂತೆ ಮಿಂಚಲಿ ಎಂದು ರೆಡ್ ಆಕ್ಸೈಡ್ ಹಾಕಿಸಿ, ನುಣ್ಣಗೆ ಪಾಲಿಶ್ ಮಾಡಿಸಿದವನು ಕಾರ್ಯದರ್ಶಿಯಾದ ನಾನೇ.

ಹಿಡಿದುಕೊಳ್ಳಲು ಕಂಬಿಯೂ ಇರಲಿಲ್ಲ. ನಮ್ಮ ಹೆಸರು ಕೆತ್ತಿಸಿ ನಿಲ್ಲಿಸಿದ್ದ ಕಲ್ಲನ್ನೇ ಹಿಡಿದು ಎದ್ದ ಅವರು, "ಚೆಂದಾಗಿ ಮಾಡ್ಸಿದ್ದೀರಾ ಸಾ. ಕಟ್ಟೋಕ್ ಮುಂಚೆ ನಮ್ಮುನ್ನೂ ಒಂದ್ ಮಾತ್ ಕೇಳ್ಬೋದಿತ್ತು" ಎಂದರು.

ಮರುದಿನವೇ ನೆಲವನ್ನು ಉಳಿಯಿಂದ ಒರಟು ಮಾಡಿಸಿ, ಕಂಬಿಯನ್ನೂ ಹಾಕಿಸಿದೆವು. ಕಲ್ಲು ಈಗಲೂ ಅಲ್ಲಿದೆ. ಅದರಲ್ಲಿರುವ ಏಳು ಹೆಸರುಗಳಲ್ಲಿ ಊರುಗೋಲು ಹಿಡಿದವರದು ಒಂದೂ ಇಲ್ಲ. ಮೊದಲನೆಯದೇ ನನ್ನದು.