ಪ್ರಭಣ್ಣ ಮತ್ತೆ ಪ್ಲಗ್ ಹಾಕಿದ ಸಂಜೆ

ಮೈಕನ್ನು ಯಾರಾದರೂ ಬೆರಳಿನ ಹಿಂಬದಿಯಿಂದ ಮುಟ್ಟುವುದನ್ನು ನೋಡಿದ್ದೀರಾ?

ಕಳೆದ ಭಾನುವಾರ ಸೊರಬದ ಒಂದು ಕಲ್ಯಾಣ ಮಂಟಪದ ವೇದಿಕೆಯಲ್ಲಿ ನಮ್ಮ ಪ್ರಭಣ್ಣ ಹಾಗೆ ಮುಟ್ಟಿದರು. ಬಿಸಿ ಹಂಚು ತಾಗಿದವರಂತೆ ಕೈ ಎಳೆದುಕೊಂಡು, "ಜುಂ ಅಂತೈತಿ" ಎಂದರು. ಕೀಬೋರ್ಡ್ ಮುಂದೆ ಕೂತಿದ್ದ ನಾನೂ ಕೈ ಎತ್ತಿಕೊಂಡೆ.

ಪ್ರಭಣ್ಣ ಶಿಕಾರಿಪುರದವರು. ಅರವತ್ತು ದಾಟಿದೆ. ಕನ್ನಡದಲ್ಲಿ ರಾಕ್ ಹಾಡು ಬರೆದು, ತಾವೇ ರಾಗ ಹಾಕಿ, ಕ್ಯಾಸೆಟ್ ಕಾಲದಲ್ಲಿ ನಮ್ಮ ಕಡೆಯ ಕಾಲೇಜು ಹುಡುಗರನ್ನೆಲ್ಲ ಕೆಡಿಸಿದವರು (ಕೆಟ್ಟವರಲ್ಲಿ ನಾನೂ ಒಬ್ಬ, ಅವರ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ). ಒಮ್ಮೆ ಇದೇ ಸೊರಬದಲ್ಲಿ ಕಾರ್ಯಕ್ರಮ. ಎಡಗೈ ಎಲೆಕ್ಟ್ರಿಕ್ ಗಿಟಾರಿನ ತಂತಿ ಮೇಲಿತ್ತು, ತುಟಿ ಮೈಕಿಗೆ ತಾಗಿತು. ಅಷ್ಟೇ. ಕರೆಂಟು ಹಿಡಿದುಕೊಂಡಿತು. ಡ್ರಮ್ಮರ್ ಎದ್ದು ಬಂದು ಪ್ಲಗ್ ಕಿತ್ತದ್ದಕ್ಕೆ ಜೀವ ಉಳಿಯಿತು. ಕೆಳತುಟಿಯ ಕಲೆ ಈಗಲೂ ಇದೆ.

ಬ್ಯಾಂಡ್ ಅಲ್ಲಿಗೇ ಮುಗಿಯಿತು. ಪ್ರಭಣ್ಣ ಮರದ ಗಿಟಾರ್ ಹಿಡಿದು ಒಬ್ಬರೇ ಕೂತು ಹಾಡತೊಡಗಿದರು. ಆಲ್ಬಂಗಳೂ ಹಾಗೇ ಬಂದವು. ಜನ ಏನೆಂದರು ಗೊತ್ತಾ? "ಎಂಥಾ ಸರಳತೆ. ಅಬ್ಬರ ಬಿಟ್ಟು ಮಾಗಿದ್ದಾರೆ." ಅಕ್ಕಮಹಾದೇವಿಯ ಉಡುತಡಿಯಲ್ಲಿ ಹಿರಿಯರೊಬ್ಬರು ಶಾಲು ಹೊದಿಸಿ ಇದನ್ನು ವೈರಾಗ್ಯ ಎಂದೇ ಕರೆದರು (ಆ ಊರಿನಲ್ಲಿ ನಿಂತರೆ ಬಾಯಿಗೆ ಬರುವುದೇ ಆ ಮಾತು). ಪ್ರಭಣ್ಣ ಕೈಮುಗಿದು ಶಾಲು ಸರಿಮಾಡಿಕೊಂಡರು. ಭಯಕ್ಕೆ ಅಷ್ಟು ಚಂದದ ಹೆಸರು ಸಿಕ್ಕರೆ ಯಾರು ಬೇಡ ಅಂತಾರೆ?

ಈ ವರ್ಷ ಅದೇನಾಯಿತೋ, ಫೋನ್ ಮಾಡಿದರು. "ಈಗ ಬರೆದಿರೋ ಹಾಡು ಮರದ ಗಿಟಾರಿಗೆ ಬಗ್ಗಂಗಿಲ್ಲ ಮಾರಾಯ. ಬ್ಯಾಂಡೇ ಬೇಕು. ಎಲ್ಲಿ ನಿಂತಿತ್ತೋ ಅಲ್ಲಿಂದ್ಲೇ ಶುರು ಮಾಡೋಣ." ಅಂದರೆ ಸೊರಬದಲ್ಲಿ, ಜನರ ಎದುರಿಗೇ ಆಲ್ಬಂ ರೆಕಾರ್ಡಿಂಗ್.

ಸೌಂಡ್ ಚೆಕ್‌ನಲ್ಲೇ ಮೈಕು ಜುಂ ಎಂದರೆ?

"ಅರ್ತಿಂಗ್ ಎಲ್ಲಾ ಸರಿ ಇದೆ ಮಾರಾಯ್ರೆ. ಮೊನ್ನೆ ಮದುವೆಗೆ ಡಿಜೆನೇ ಹಾಕಿದ್ರು" ಎಂದರು ಮಂಟಪದ ಮ್ಯಾನೇಜರ್. ಪ್ರಭಣ್ಣ ಕೇಳಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿಸಿ, ಕಬ್ಬಿಣದ ಸರಳು ಹೊಡೆಸಿ, ಉಪ್ಪು ಸುರಿದು, ಕೊಡಗಟ್ಟಲೆ ನೀರು ಹುಯ್ಯಿಸಿ, ಅಲ್ಲಿಂದ ವೈರ್ ಎಳೆಸಿದರು. ಈಗ ಮೈಕಿಗೆ ಟೆಸ್ಟರ್ ಇಟ್ಟರೆ ಬೆಳಕಿಲ್ಲ.

ಜನ ಬಂದು ಕೂತರು. ನಮ್ಮ ಬಾಸ್ ಗಿಟಾರ್ ನುಡಿಸುವ ಹುಡುಗಿ ಶುರು ಮಾಡಿದಳು. ಡ್ರಮ್ ಸೇರಿತು, ನಾನು ಸೇರಿದೆ. ಪ್ರಭಣ್ಣ ಹಾಡಬೇಕಾದ ಜಾಗ ಬಂತು, ಹೋಯಿತು. ಗಿಟಾರ್ ಹೆಗಲಲ್ಲಿತ್ತು, ಕೈ ತಂತಿಯ ಮೇಲಿರಲಿಲ್ಲ. ಮೈಕಿನಿಂದ ಮಾರು ದೂರ ನಿಂತೇ ಇದ್ದರು. ನಾವು ಅದನ್ನೇ ಸುತ್ತಿ ಸುತ್ತಿ ನುಡಿಸಿದೆವು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಇವರು ಇಳಿದು ಹೋಗುತ್ತಾರೆ ಅಂತ ನನಗೆ ಖಾತ್ರಿಯಾಯಿತು. ಇಳಿದರೆ ಮತ್ತೆಂದೂ ಹತ್ತುವುದಿಲ್ಲ ಅಂತಲೂ.

ಆಗ ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ನಾಗರತ್ನಕ್ಕ ಎದ್ದರು. ಚಪ್ಪಲಿ ಬಿಟ್ಟು ವೇದಿಕೆ ಹತ್ತಿದರು (ವೇದಿಕೆಗೆ ಗೌರವವಂತೆ. ಕರೆಂಟಿಗೆ ಅದೆಲ್ಲ ಗೊತ್ತಾ?). "ಅಕ್ಕಾ, ಬೇಡ" ಎಂದ ನನ್ನ ಮಾತು ಡ್ರಮ್ಮಿನಲ್ಲಿ ಮುಳುಗಿತು. ಒಂದು ಕೈಯಲ್ಲಿ ಗಂಡನ ಗಿಟಾರಿನ ತಂತಿಗಳನ್ನು ಅದುಮಿ ಹಿಡಿದರು. ಇನ್ನೊಂದು ಕೈ ಮೈಕಿನ ಮೇಲೆ ಇಟ್ಟರು. ನಾನು ಕಣ್ಣು ಮುಚ್ಚಿಕೊಂಡೆ.

"ಏನೂ ಆಗಂಗಿಲ್ಲ. ಬರ್ರಿ."

ಇಡೀ ಮಂಟಪಕ್ಕೆ ಕೇಳಿಸಿತು. ಪ್ರಭಣ್ಣ ಬಂದರು. ಮೊದಲ ಸಾಲಿಗೆ ಶ್ರುತಿ ತಪ್ಪಿತ್ತು. ಎರಡನೆಯ ಸಾಲಿಗೆ ನನಗೆ ಕೀಬೋರ್ಡ್ ಕಾಣದಷ್ಟು ಕಣ್ಣೀರು ಬಂತು.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ, "ಅಕ್ಕಾ, ಶಾಕ್ ಹೊಡೆದಿದ್ರೆ?"

"ಹೊಡೆದಿದ್ರೆ ಅವರು ಮುಟ್ಟೋದು ಬ್ಯಾಡ ಅಂತ ಗೊತ್ತಾಗ್ತಿತ್ತಲ್ಲ" ಎಂದು ಕಿಟಕಿ ಏರಿಸಿಕೊಂಡರು.

ರೆಕಾರ್ಡಿಂಗ್ ಮಾಡಿದವನು ನಾಗರತ್ನಕ್ಕನ ಮಾತನ್ನು ಕತ್ತರಿಸಲಾ ಎಂದು ಕೇಳಿದ್ದಾನೆ. ಪ್ರಭಣ್ಣ ಒಪ್ಪಿಲ್ಲ. ಹೊಸ ಆಲ್ಬಂ ಶುರುವಾಗುವುದೇ ಆ ಮಾತಿನಿಂದ.

ನಮ್ಮ ಭಯಕ್ಕೆ ಶಾಲು ಹೊದಿಸುವವರು ಊರಿಗೊಬ್ಬರು ಸಿಗುತ್ತಾರೆ. ತಾವೇ ತಂತಿ ಮುಟ್ಟಿ ನೋಡಿ "ಬರ್ರಿ" ಎನ್ನುವವರು?